ಸೊನ್ನೆಯ ಎಳೆ

ಹೆಲ್ಟರ್‌ಮಾ ಬಂದರಿನ ಕಚೇರಿ. ರಾತ್ರಿ ಎರಡು ಗಂಟೆ.
ಹೊರಗೆ ಸಮುದ್ರ, ಹೆಪ್ಪುಗಟ್ಟಲೋ ಬೇಡವೋ ಎಂದು
ಮೀನಮೇಷ ಎಣಿಸುತ್ತಿದೆ.
ಒಳಗೆ ನಾನು, ಒಂದು ತುಂಡು ರೈ ರೊಟ್ಟಿ,
ಮತ್ತು ನಲವತ್ತು ರಾತ್ರಿಗೊಮ್ಮೆ ಮಾತ್ರ ಸಾಯುವ
ಒಂದು ಸಿ ಪ್ರೋಗ್ರಾಂ.

ಕೆಲಸ ದೊಡ್ಡದೇನಲ್ಲ. ನೀರಿನ ಮಟ್ಟದ ಒಂದು ಪಟ್ಟಿ.
ಕಟ್ಟೆಯ ಮೇಲಿನ ಫಲಕ ಅದನ್ನು ಓದುತ್ತದೆ,
ಫೆರಿಯ ಕ್ಯಾಪ್ಟನ್ ಓದುತ್ತಾನೆ, ಹವಾಮಾನದವರು ಓದುತ್ತಾರೆ:
ಒಂದೇ ಪುಟದ ಮೇಲೆ ಹನ್ನೊಂದು ಎಳೆಗಳ ಕಣ್ಣು.
ಓದುವವರು ಎಷ್ಟಿದ್ದರೂ ಅಡ್ಡಿಯಿಲ್ಲ,
ಓದಿದರೆ ಅಂಕಿ ಸವೆಯುವುದಿಲ್ಲ.
ಬರೆಯುವ ಎಳೆ ಒಂದೇ. ಒಬ್ಬಂಟಿ.
ಅದು ಒಳಬಂದಾಗ ಇನ್ನಾರೂ ಇರಕೂಡದು,
ಅರ್ಧ ಬರೆದ ಮಟ್ಟವನ್ನು ನಂಬಿ
ಯಾರೂ ಹಡಗು ಬಿಡಬಾರದು.

ಆ ಬೀಗವನ್ನು ಹುಟ್ಟಿಸಿದವಳು ನಾನೇ.
ಒಂದು ವಿಳಾಸ ಕೊಟ್ಟೆ, ಪಕ್ಕದಲ್ಲಿ ಏನೂ ಇಲ್ಲವೆಂಬ ಗುರುತು:
ವಿಶೇಷ ಬೇಡಿಕೆಯಿಲ್ಲ, ಎಲ್ಲರಿಗೂ ಕೊಡುವುದನ್ನೇ ಕೊಡು.
ಮರಳಿ ಬಂದದ್ದು ಸೊನ್ನೆ.
ಇಲ್ಲಿ ಸೊನ್ನೆಯೆಂದರೆ ಕ್ಷೇಮ ಎಂದರ್ಥ.
ಒಮ್ಮೆ ಹುಟ್ಟಿದ್ದನ್ನು ಮತ್ತೆ ಹುಟ್ಟಿಸಲು ಹೋಗಬಾರದು,
ಅಷ್ಟೇ; ಉಳಿದಂತೆ ಹುಟ್ಟು ಸಲೀಸು.

ರಗಳೆಯೆಲ್ಲ ಸಾವಿನದು.

ಯಾರೋ ಹಿಡಿದಿರುವಾಗಲೇ ಬೀಗವನ್ನು ಅಳಿಸಿದರೆ
ಏನಾಗುವುದೆಂದು ಹೇಳಲಾಗದು, ಎನ್ನುತ್ತದೆ ಕೈಪಿಡಿ.
ಸಿಡಿಯುತ್ತದೆ ಎಂದಲ್ಲ. ನಿಲ್ಲುತ್ತದೆ ಎಂದಲ್ಲ.
ಹೇಳಲಾಗದು.
ಮೂವತ್ತೊಂಬತ್ತು ರಾತ್ರಿ ಏನೂ ಆಗದಿರುವುದೂ
ಆ ಮಾತಿನೊಳಗೇ ಸೇರಿದೆ.

ಆರ್ವೆಡ್ ಬಂದ, ಬೂಟಿನ ಹಿಮ ಕೊಡವುತ್ತ.
ಈಗ ರಾತ್ರಿ ಕಾವಲು. ಸಮುದ್ರ ಮಾತಿಗೆ ತಪ್ಪದೆ
ಗಟ್ಟಿಯಾಗುತ್ತಿದ್ದ ಕಾಲದಲ್ಲಿ ಮಂಜುರಸ್ತೆಯ ಮೇಸ್ತ್ರಿ.
‘ಏನು ಹುಡುಕ್ತಿದ್ದೀ, ವೈಕೆ?’
‘ಮುಚ್ಚೋದು ಹೇಗೆ ಅಂತ.’

ಕಾಫಿ ಬಗ್ಗಿಸಿಕೊಂಡ.
‘ತೆರೆಯೋಕೆ ಯಾರಿಗೆ ಬರಲ್ಲ?
ಮಂಜಿನ ದಪ್ಪ ಅಳೆ, ಜೂನಿಪರ್ ಕೊಂಬೆ ನೆಡು, ಸರಪಳಿ ಬಿಚ್ಚು.
ಗಾಡಿಗಳು ಎಷ್ಟಾದರೂ ಹೋಗಲಿ.
ಬಿರುಕಿಗೆ ನೀರು ಹೊಯ್ದು ಹೆಪ್ಪು ಹಾಕೋ ದಿನ ಮಾತ್ರ
ರಸ್ತೆ ಮೇಲೆ ನಾನೊಬ್ಬನೇ.
ಆದರೆ ಮಾರ್ಚಿನಲ್ಲಿ, ಕೊಂಬೆ ಕೀಳೋ ದಿನ…’

ಲೋಟ ತಿರುಗಿಸಿದ.
‘ಆಚೆ ದಡದಲ್ಲಿ ಹಿಲ್ಯ, ರೇಡಿಯೋ ಹಿಡಿದು.
ಮೊದಲು ಸರಪಳಿ ಹಾಕ್ತಿದ್ದೆವು, ಹೊಸಬರು ಇಳೀದ ಹಾಗೆ.
ಆಮೇಲೆ ಲೆಕ್ಕ. ಇಲ್ಲಿ ಇಳಿದದ್ದು ಇಪ್ಪತ್ತಾರು,
ಅಲ್ಲಿ ಹತ್ತಿದ್ದು ಇಪ್ಪತ್ತೈದು.
ಒಬ್ಬ ಪುಣ್ಯಾತ್ಮ ನಡುದಾರೀಲಿ ತೂತು ಕೊರೆದು
ಗಾಳ ಬಿಟ್ಟು ನಿದ್ದೆ ಹೋಗಿದ್ದ.
ಐದು ಗಂಟೆ ಕಾದೆವು. ಬೈದೆವು. ಮತ್ತೆ ಕಾದೆವು.
ಕೊಂಬೆ ಕಿತ್ತಿದ್ದರೆ ರಸ್ತೆಗೇನೂ ಆಗ್ತಿರಲಿಲ್ಲ, ಮಗಳೇ.
ರಸ್ತೆ ಇದೆ ಅಂತ ನಂಬಿದೋನು ಹೋಗ್ತಿದ್ದ.’

ಅವನು ಟಾರ್ಚು ಹಿಡಿದು ಹೊರಟ ಮೇಲೆ
ಕಟ್ಟೆಯ ಫಲಕ ನೆನಪಾಯಿತು.
ಚಳಿಗೆ ಅದರ ತಂತಿ ಮಂದ. ಓದಲು ಹಿಡಿದ ಬೀಗವನ್ನು
ಬಿಡದೆ ಕೂತುಬಿಡುತ್ತದೆ,
ಗಾಳ ಬಿಟ್ಟವನ ಹಾಗೆ.
ಎಲ್ಲರೂ ಮರಳಿದರೇ ಎಂದು ಕೇಳುವ ಸಾಲಿಗೆ ಹೋದೆ.
ಒಂದು, ಎರಡು, ಮೂರು… ಹತ್ತು.
ಸೊನ್ನೆಯಿಂದ ಎಣಿಸುವ ಭಾಷೆಯಲ್ಲಿ
ನಾನು ಒಂದರಿಂದ ಎಣಿಸಿದ್ದೆ.
ಫಲಕ, ಸೊನ್ನೆಯ ಎಳೆ.
ಎರಡು ಚಳಿಗಾಲ
ಅದರ ಕೈಯಲ್ಲಿದ್ದ ಬೀಗವನ್ನೇ ಕಿತ್ತುಕೊಂಡು
ಕ್ಷೇಮ ಎಂದು ಬರೆದುಕೊಂಡಿದ್ದೆ.

ಒಂದಂಕಿ ಬದಲಿಸಿದೆ.
ನಿಲ್ಲಿಸುವ ಆಜ್ಞೆ ಕೊಟ್ಟೆ. ಹತ್ತು ಎಳೆ ಬಂದವು,
ಒಂದೊಂದಾಗಿ, ಬೀಗ ಬಿಟ್ಟು.
ಈ ವರ್ಷವೂ ಆರ್ವೆಡ್‌ನ ಸರಪಳಿ
ಷೆಡ್ಡಿನಲ್ಲೇ ತುಕ್ಕು ತಿನ್ನುತ್ತದೇನೋ.
ಕಿಟಕಿಯಾಚೆ ಕಪ್ಪು ನೀರು, ಫಲಕದ ಕೆಂಪಂಕಿ.
ಅದಿನ್ನೂ ಓದುತ್ತಿದೆ.
ರೊಟ್ಟಿ ಮುರಿದೆ.
ಓದಲಿ.