ನಾಲಗೆಯಿಲ್ಲದ ಜೋಡು

"ಸದ್ದು ಮಾಡಬಾರದು, ಅಷ್ಟೇ ಕಣಕ್ಕ" ಅಂದ
ಮೈದನಹಳ್ಳಿ ಕಾವಲಿನ ವಾಚರು ಕೆಂಚಮಾರಯ್ಯ,
ಇಲಾಖೆ ಕೊಟ್ಟ ಬೂಟು ಹೆಗಲಿಗೆ ನೇತುಹಾಕಿಕೊಂಡು.
"ಇದ್ನ ಮೆಟ್ಟಿದ್ರೆ ಫರ್ಲಾಂಗು ದೂರಕ್ಕೇ
ಹುಲ್ಲೆ ಕಿವಿ ನಿಗುರಿಸ್ತವೆ.
ಎಣಿಸೋಕೆ ಹೋದ್ರೆ ನಂಗೆ ಸಿಗೋದು ಬರೀ ಧೂಳು."

ನಕ್ಕುಬಿಟ್ಟೆ.
ನಮ್ಮ ಮನೆಗೆ ಬಂದು ಸದ್ದು ಬೇಡ ಅಂದವನು
ಇವನೇ ಮೊದಲು.

ನಮ್ಮ ತಾತ ಮೂಡ್ಲಯ್ಯ ಸದ್ದಿಗೇ ಹೆಸರಾದವನು.
ಅಟ್ಟೆಗೂ ಅಟ್ಟೆಗೂ ನಡುವೆ
ಎಣ್ಣೆ ಸೋಕಿಸದ ಒಣ ತೊಗಲಿನದೊಂದು ನಾಲಗೆ ಇಟ್ಟು
ಹೊಲಿಯುತ್ತಿದ್ದ. ಹೆಜ್ಜೆ ಇಟ್ಟರೆ ಕಿರ್ರ್,
ಎತ್ತಿದರೆ ಇನ್ನೊಂದು ಕಿರ್ರ್.
ಪಟೇಲರ ಜೋಡಿಗೆ ದಪ್ಪ ದನಿ,
ಶಾನುಭೋಗರದಕ್ಕೆ ಸಣ್ಣಗೆ, ಜೀರುಂಡೆಯ ಹಾಗೆ.
ಕಿವಿ ಹತ್ತಿರ ಹಿಡಿದು ಬಗ್ಗಿಸಿ ಬಗ್ಗಿಸಿ ನೋಡಿ
"ಮಾತು ಬಂತು" ಅನ್ನುತ್ತಿದ್ದನಂತೆ.
ಜೋಡಿಗೆ ಎರಡು ಬಳ್ಳ ರಾಗಿ.
ಅವನ ಹಿಮ್ಮಡಿ ಸೀಳಿನಲ್ಲಿ ನಾಲ್ಕಾಣೆ ಬಿಲ್ಲೆ ನಿಲ್ಲಿಸಬಹುದಿತ್ತು;
ಆ ಬೀದಿಯಲ್ಲಿ ಅವನಿಗೆ ಬರಿಗಾಲೇ.

ಸರಿ, ಕಲಿತದ್ದನ್ನು ತಿರುಗಿಸಿ ಹೊಲಿಯಬೇಕು.

ಸಿಮೆಂಟು ಚೀಲದ ಕಾಗದದ ಮೇಲೆ ಅವನನ್ನು ನಿಲ್ಲಿಸಿ
ಇದ್ದಿಲಲ್ಲಿ ಗೆರೆ ಎಳೆದೆ.
ಎಡಗಾಲು ಅವರೆಕಾಳಷ್ಟು ಉದ್ದ ಹೆಚ್ಚು.
ಕಿರುಬೆರಳು ಪಕ್ಕದ್ದರ ಮೇಲೆ ಹತ್ತಿ ಕೂತಿದೆ.
"ಅದಕ್ಕೂ ಒಸಿ ಜಾಗ ಬಿಡಕ್ಕ" ಅಂದ, ನಾಚಿಕೊಂಡು.

ಅಟ್ಟೆ ಮೇಲೆ ಅಟ್ಟೆ ಇಲ್ಲ, ಹಿಮ್ಮಡಿ ಕಟ್ಟುವುದಿಲ್ಲ, ಮೊಳೆ ಇಲ್ಲ.
ತಂಗಡಿ ತೊಗಟೆಯ ನೀರು ಕುಡಿದ ಎಮ್ಮೆಕರುವಿನ ತೊಗಲು,
ಒಂದೇ ತುಂಡು; ಪಾದದ ಕೆಳಗಿನಿಂದ ಎದ್ದು
ಎರಡೂ ಪಕ್ಕ ಹತ್ತಿ, ಬೆರಳ ಮೇಲೆ ನೆರಿಗೆ ಹಿಡಿದು ಸೇರಬೇಕು,
ಎಳೆಗೂಸಿನ ಕುಲಾವಿಯ ಹಾಗೆ.
ರಂಪಿಯಲ್ಲಿ ಹೆರೆದೆ, ತೀರಾ ತೆಳ್ಳಗಲ್ಲ:
ನೆಗ್ಗಿಲುಮುಳ್ಳು ತಡೆಯಬೇಕು,
ಕಾಲಡಿಯ ಹರಳು ಮಾತ್ರ ಕಾಲಿಗೆ ಗೊತ್ತಾಗಬೇಕು.
ಇವೆರಡರ ನಡುವಿನ ದಪ್ಪ
ಅಳತೆಪಟ್ಟಿಯಲ್ಲಿ ಇಲ್ಲ, ಹೆಬ್ಬೆರಳಲ್ಲಿದೆ.

ಇಪ್ಪತ್ತಾರು ನೆರಿಗೆ. ಹದಿನೇಳನೆಯದಕ್ಕೆ ಆರೆ ಜಾರಿ
ಅಂಗೈಗೆ ಇಳಿಯಿತು. ಮೇಣ ಮೆತ್ತಿಕೊಂಡು ಮುಂದುವರಿಸಿದೆ.
ಒದ್ದೆಯಲ್ಲೇ ಅವನ ಕಾಲಿಗೆ ತೊಡಿಸಿ
"ಒಣಗೋವರ್ಗೂ ನಡಿ, ಬಿಚ್ಚಬೇಡ" ಅಂತ ಕಳಿಸಿದೆ.
ಆಮೇಲೆ ಹರಳೆಣ್ಣೆ, ಎರಡು ರಾತ್ರಿ.

ಒಯ್ದ ಮೂರನೆಯ ದಿನ, ಬಿಸಿಲು ಏರುವ ಮುಂಚೆ,
ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದೇನೆ,
ಬೆನ್ನಿಗೇನೋ ತಣ್ಣಗಾಯಿತು. ತಿರುಗಿದರೆ
ಬಾಗಿಲಲ್ಲೇ ನಿಂತಿದ್ದಾನೆ ಕೆಂಚಮಾರಯ್ಯ.
ನಾಯಿ ಬೊಗಳಿಲ್ಲ. ಕೋಳಿ ಕೂಡ ಕದಲಿಲ್ಲ.
"ನಲವತ್ತೊಂದಕ್ಕ! ಮರಿ ಸೇರಿ ನಲವತ್ತೊಂದು!
ಒಂದು ಮೂತಿ ಎತ್ತಿ ನೋಡ್ತು, ಮತ್ತೆ ಮೇಯೋಕೆ ಶುರುಮಾಡ್ತು!"
ಅವನ ಮುಖ ಹಬ್ಬ.
ನನ್ನ ಎದೆ ಇನ್ನೂ ಡವಡವ.

ಆಗ ಅಜ್ಜಿ ನೆನಪಾದಳು.
ಗಂಡನ ಕಸುಬನ್ನು ಬಾಯಿತುಂಬ ಬೈಯುತ್ತಿದ್ದವಳು
ಆ ಕಿರ್ರ್ ಒಂದನ್ನು ಮಾತ್ರ ಬೈಯುತ್ತಿರಲಿಲ್ಲ:
ದಪ್ಪ ದನಿ ಹುಣಸೆಮರದ ಹತ್ತಿರ ಕೇಳಿಸಿದರೆ
ಹೆಣ್ಣುಮಕ್ಕಳು ಒಳಗೆ ಹೋಗಿ ಅಗುಳಿ ಹಾಕುವಷ್ಟು
ಹೊತ್ತು ಸಿಗುತ್ತಿತ್ತಂತೆ.
ಪಟೇಲರ ಜೋಡಿಗೇ ತಾತ ಯಾಕೆ
ಅಷ್ಟು ದೊಡ್ಡ ನಾಲಗೆ ಇಡುತ್ತಿದ್ದನೋ,
ನನಗೆ ಈಗ ಅನುಮಾನ.

ಕಾಸು ಎಣಿಸಿಕೊಂಡೆ. ಜೋಡು ಚೆನ್ನಾಗಿ ಕೂತಿದೆ,
ಕಿರುಬೆರಳಿಗೂ ಜಾಗ ಇದೆ.
"ಹುಲ್ಲೆ ಹತ್ರ ಹೆಂಗಾದ್ರೂ ಹೋಗಪ್ಪ" ಅಂದೆ,
"ನಮ್ಮ ಹಟ್ಟಿಗೆ ಬರೋವಾಗ
ಹುಣಸೆಮರದ ತಾವ ಒಂದ್ಸಲ ಕೆಮ್ಮು."