ಅಡ್ಡಗೀಟು

ಫೆರೋ ದ್ವೀಪಗಳ ದಕ್ಷಿಣದ ತುದಿ. ವಾಗುರ್ ಬಂದರಿನ ಕಚೇರಿ.
ರಾತ್ರಿ ಹನ್ನೊಂದೂ ಕಾಲು.
ಮಂಜು ಕಿಟಕಿಗೆ ಮೈಯೊತ್ತಿ ನಿಂತಿದೆ.
ಸುನ್ವಾ ಕೇಳುತ್ತಾಳೆ: ಇಂದು ಬಂದ ದೋಣಿಗಳಲ್ಲಿ
‘ಹಾವ್‌ಹೆಸ್ತುರ್’ ಹೆಸರಿನ ಸಾಲು ಕೊಡು.
ಪರದೆ ಕೊಟ್ಟದ್ದು ಬಿಳಿ.

ಬರೀ ಬಿಳಿ. ನೆತ್ತಿಯ ಮೇಲೆ ಮೂರು ತಲೆಬರಹ,
ದೋಣಿ, ಹೊತ್ತು, ಮೀನು ಎಷ್ಟು ಕಿಲೋ,
ಎಲೆ ಹಾಕಿ ಬಡಿಸಲು ಮರೆತ ಹಾಗೆ.

ಗಾಜಿನಾಚೆ ಮಾರ್ಯುನ್, ಒದ್ದೆ ಟೋಪಿ ಹಿಂಡುತ್ತ:
“ಏನಂತೆ?”
ಏನೆಂದು ಹೇಳುವುದು?
ಹುಡುಕಿ ಸಿಗಲಿಲ್ಲವೆಂದೇ, ಇನ್ನೂ ಹುಡುಕುತ್ತಿದೆಯೆಂದೇ,
ಎಲ್ಲೋ ತಂತಿ ಕಡಿದಿದೆಯೆಂದೇ?
ಮೂರಕ್ಕೂ ಅದೇ ಬಿಳಿ.
ಆ ಬಿಳಿಯನ್ನು ಬರೆದವಳು ಸುನ್ವಾಳೇ,
ಹೋದ ವರ್ಷ, ಒಂದು ಶುಕ್ರವಾರ, ಬೇಗ ಮನೆ ಸೇರುವ ಅವಸರದಲ್ಲಿ:
ಸಾಲಿದ್ದರೆ ತೋರಿಸು. ಇಲ್ಲದಿದ್ದರೆ
ಎಂಬಲ್ಲಿಗೆ ಅವಳ ಬೆರಳು ನಿಂತಿತ್ತು.

ಈ ದೋಣಿಯ ಇಂದಿನ ತೂಕ ಕೂಡಿಸೆಂದರೆ
ಯಂತ್ರ ಸೊನ್ನೆ ಅನ್ನುವುದಿಲ್ಲ. ನಲ್ ಅನ್ನುತ್ತದೆ.
ಸಾಲೆಷ್ಟು, ಎಣಿಸು ಅಂದರೆ ಮಾತ್ರ, ಯಾವ ಮುಲಾಜೂ ಇಲ್ಲದೆ, ಸೊನ್ನೆ.
ಸೊನ್ನೆಗಾದರೂ ಒಂದು ಮೈಯಿದೆ, ದುಂಡಗೆ, ಅಂಗೈಯಲ್ಲಿ ಹಿಡಿಯಬಹುದು.
ನಲ್ ಹಾಗಲ್ಲ. ಅದರ ಪಕ್ಕಕ್ಕೆ ಅದನ್ನೇ ಇಟ್ಟು
ಇವೆರಡೂ ಒಂದೇ ಏನು ಎಂದರೆ
ಅದಕ್ಕೂ ಗೊತ್ತಿಲ್ಲ.
ಕನ್ನಡದ ಕಿವಿಗೆ ಅದು
ಬಾಯಿಂದ ಹೊರಡುವಾಗಲೇ ತುಂಡಾದ ನಲ್ಲ.

ಮೂಲೆಯ ಕಪಾಟಿನಲ್ಲಿ ಉಪ್ಪು ಹಿಡಿದ ಲೆಡ್ಜರುಗಳು.
ಸೋದರತ್ತೆ ಎಲ್ಸ್‌ಬಾ ಮೂವತ್ತೊಂದು ವರ್ಷ ಇದೇ ಮೇಜಿನಲ್ಲಿ
ಸಂಜೆಗೆ ಮುಂಚೆಯೇ ಊರಿನ ಅಷ್ಟೂ ದೋಣಿಗಳನ್ನು
ಎಡಕ್ಕೆ ಬರೆದಿಟ್ಟುಕೊಳ್ಳುತ್ತಿದ್ದಳು.
ಬಂದರೆ ಬಲಕ್ಕೆ ಹೊತ್ತು.
ಬಾರದಿದ್ದರೆ ಒಂದು ಅಡ್ಡಗೀಟು, ಒತ್ತಿ ಎಳೆದದ್ದು,
ಹಿಂದಿನ ಹಾಳೆಯಲ್ಲೂ ಉಬ್ಬುವಷ್ಟು.
ಗೀಟೆಂದರೆ: ನಾನು ಇಲ್ಲೇ ಇದ್ದೆ, ನೋಡಿದೆ, ಈ ರಾತ್ರಿ ಬರಲಿಲ್ಲ.
ಬಂದದ್ದನ್ನು ಯಾರು ಬೇಕಾದರೂ ಬರೆದಾರು, ಅನ್ನುತ್ತಿದ್ದಳಂತೆ.

ಸುನ್ವಾ ಪ್ರಶ್ನೆಯನ್ನು ಬುಡಮೇಲು ಮಾಡಿ ಬರೆದಳು.
ಬಂದವರಿಂದ ಶುರುಮಾಡಬೇಡ.
ಹೋದವರನ್ನೆಲ್ಲ ಎಡಕ್ಕೆ ನಿಲ್ಲಿಸು.
ಬಲಕ್ಕೆ ಜೊತೆ ಸಿಗದವರ ಹೆಸರನ್ನೂ ಬಿಡಬೇಡ.
ಎಂದೋ ಅರ್ಧಕ್ಕೆ ಬಿಟ್ಟ ‘ಇಲ್ಲದಿದ್ದರೆ’ಯ ಮುಂದೆ
ಎರಡು ಮಾತು ಸೇರಿಸಿದಳು, ಕಾಗುಣಿತ ಒಮ್ಮೆ ತಪ್ಪಿ, ತಿದ್ದಿ.

ಹಾವ್‌ಹೆಸ್ತುರ್. ಬಂದಿಲ್ಲ. ಕೊನೆಗೆ ನೋಡಿದ್ದು ೧೧.೪೧.

ಬಂದಿಲ್ಲ: ಈ ಪದವೂ ‘ಬಂದು’ ಎಂದೇ ಹೊರಡುತ್ತದೆ,
ಹೊಸ್ತಿಲಲ್ಲಿ ಎಡವುತ್ತದೆ ಅಷ್ಟೆ.

ಪರದೆಯನ್ನು ಗಾಜಿನತ್ತ ತಿರುಗಿಸಿದಳು.
ಮಾರ್ಯುನ್ ಓದಿದಳು, ಇನ್ನೊಮ್ಮೆ ಓದಿದಳು,
ಕೋಟು ಕಳಚಿ ಬೆಂಚಿನ ಮೇಲೆ ಹಾಸಿ ಕೂತಳು.
“ಕಾಫಿ ಇದೆಯೇ?”
ಇತ್ತು. ತಣ್ಣಗಿತ್ತು. ಬಿಸಿ ಮಾಡಿದರು.

೧೧.೪೬.
೧೧.೫೧.
ಮಂಜಿನೊಳಗೆ ಎಲ್ಲೋ ಒಂದು ಎಂಜಿನ್, ಅಥವಾ ಫ್ರಿಜ್ಜಿನದೇ ಸದ್ದು.
೧೧.೫೬.