ಳ

ಎಪ್ಪತ್ತೈದರ ವಿಶೇಷ ಸಂಚಿಕೆಗೆಂದು
ಹಳೆ ಕಡತ ಬಿಚ್ಚಿದ್ದೆ.
ಮುಟ್ಟಿದರೆ ಹುಡಿಯಾಗುವ ಹಾಳೆ,
ಆಟಿಯ ಬೊಳ್ಳದ ಮರುದಿನದ ‘ಪಡುಗಾಳಿ’,
ಬೆಲೆ ಒಂದಾಣೆ.

ತಲೆಸಾಲಿನಲ್ಲೇ ತಪ್ಪು:
ಮಂಗಲೂರು, ಬುಧವಾರ.

ಮೊದಲ ಕಾಲಮಿನಲ್ಲಿ
ಮಳೆ, ಹೊಳೆ, ಉಳ್ಳಾಲದಲ್ಲಿ ಮುಳುಗಿದ ದೋಣಿ.
ಎರಡನೆಯದಕ್ಕೆ ಬಂದರೆ
ಮಲೆ. ಉಲ್ಲಾಲ. ದೋಣಿಯೂ ಮುಲುಗಿದೆ.

ಬಲ್ಮಠಕ್ಕೆ ಹೋಗಿ ಕೇಳಿದೆ.
ಎಲಿಯೇಜರ್ ಅಮ್ಮನ್ನ, ತೊಂಬತ್ತು ದಾಟಿದವರು,
ಹಾಳೆಯನ್ನು ಮೂಗಿನ ಹತ್ತಿರ ಹಿಡಿದು
ಓದಲಿಲ್ಲ, ಮೂಸಿದರು.

“ದೋಷ ಅಲ್ಲ ಮಾರಾಯ್ರೆ, ಮೊಳೆ ಮುಗಿದದ್ದು.
ಬೊಳ್ಳದ ಸುದ್ದಿ ಅಂದ್ರೆ ಬರೀ ಳ ಅಲ್ವಾ?
ರಾತ್ರಿ ಎರಡಕ್ಕೆ ಗೂಡೆಲ್ಲ ಖಾಲಿ.
ಕಾಲಮು ಬಿಗಿದು ಕಟ್ಟಿ ಆಗಿತ್ತು.
ಆಗ ಬಂತು, ಒದ್ದೆ ಚೀಟಿಯಲ್ಲಿ,
ಅಂಬಿಗನ ಹೆಸರು.

ತಲೆಸಾಲು ಮಾತ್ರ ಸಡಿಲ ಇತ್ತು.
ಚಿಮಟದಲ್ಲಿ ಅಲ್ಲಿಂದ ಒಂದು ಕಿತ್ತೆ.
ಊರು ಯಾವುದಂತ ಊರಿಗೆ ಗೊತ್ತುಂಟು.
ಅವನಿಗೆ ಪೇಪರಿನಲ್ಲಿ ಬರ್ಲಿಕ್ಕೆ
ಅದೊಂದೇ ದಿನ.”

ಕೆಳಗಿನ ಮೂಲೆಯಲ್ಲಿ ಹುಡುಕಿದೆ.
ತುಸು ಓರೆಯಾಗಿ, ಮಸಿ ಹೆಚ್ಚಾಗಿ:
ಕಾಳು ಮೆಂಡನ್, ಬೆಂಗರೆ.

ಸಂಪಾದಕರ ಪಟ, ಜರ್ಮನ್ ಯಂತ್ರದ ಪಟ,
ನಡುವೆ ಈ ಪುಟ ಇಟ್ಟೆ.
ಪರದೆಯ ಮುಂದಿನ ಹುಡುಗಿ
“ಸರ್, ತಿದ್ದಲಾ?” ಎಂದಳು.
ಅವಳ ಬೆರಳ ಕೆಳಗೆ
ಳ ಎಷ್ಟು ಬೇಕಾದರೂ ಇತ್ತು.